ಶುಕ್ರವಾರ 3 ಗಂಟೆಯ ಮೀಟಿಂಗ್

ಆರನೇ ಸೆಮ್ ಮುಗಿದ ರಜೆಯಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಸೇರಿದ ಎರಡನೇ ದಿನವೇ ನನ್ನ ಕ್ಯಾಲೆಂಡರ್‌ನಲ್ಲಿ ಒಂದು ಮೀಟಿಂಗ್ ಬಂದು ಕೂತಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ 3 ಗಂಟೆಗೆ, 30 ನಿಮಿಷ. ಹೆಸರು ‘ಒನ್ ಆನ್ ಒನ್’. ಇರೋದು ಇಬ್ಬರೇ, ನಾನು ಮತ್ತು ನನ್ನ ಮ್ಯಾನೇಜರ್.

ನಿಜ ಹೇಳ್ತೀನಿ, ಹೊಟ್ಟೆಯಲ್ಲಿ ತಳಮಳ ಶುರುವಾಯ್ತು. ರಾತ್ರಿ ಮನೆಗೆ ಫೋನ್ ಮಾಡಿ ಹೇಳಿದರೆ ಅಪ್ಪ ಕೇಳಿದ್ದು, “ಏನೋ, ಸೇರಿ ಎರಡು ದಿನ ಆಗಿಲ್ಲ, ಆಗ್ಲೇ ಏನ್ ತಪ್ಪು ಮಾಡ್ಕೊಂಡೆ?” ಅಪ್ಪನನ್ನೂ ದೂರೋ ಹಾಗಿಲ್ಲ. ನಾವು ಹುಟ್ಟಿದಾಗಿನಿಂದ ದೊಡ್ಡವರು ಒಬ್ಬರನ್ನೇ ಒಳಗೆ ಕರೆದರೆ ಅದು ಬೈಯೋದಕ್ಕೇ. ಕಾಲೇಜಿಗೆ ಬಂದ ಮೇಲೆ ಅದಕ್ಕೆ ಇನ್ನೆರಡು ಕಾರಣ ಸೇರಿಕೊಂಡವು: ವೈವಾ ಮತ್ತು ಅಟೆಂಡೆನ್ಸ್ ಶಾರ್ಟೇಜ್. ವೈವಾದಲ್ಲಿ ನಾವು ಕಲಿಯೋದು ಒಂದೇ ವಿದ್ಯೆ, ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ತೋರಿಸೋದು. ಅದೇ ವಿದ್ಯೆ ತಗೊಂಡು ಶುಕ್ರವಾರದ ಮೀಟಿಂಗಿಗೂ ಹೋದೆ.

ನನಗೆ ಕೊಟ್ಟಿದ್ದು ಒಂದು ರಿಪೋರ್ಟ್ ತಯಾರಿಸೋ ಸ್ಕ್ರಿಪ್ಟ್ ಬರೆಯೋ ಕೆಲಸ. ಅದಕ್ಕೆ ಒಂದು ಡೇಟಾಬೇಸ್ ಆಕ್ಸೆಸ್ ಬೇಕಿತ್ತು. ಟಿಕೆಟ್ ಹಾಕಿದ್ದೆ, ಬಂದಿರಲಿಲ್ಲ. ಮತ್ತೆ ಮತ್ತೆ ಕೇಳಿದ್ರೆ ‘ಈ ಹುಡುಗನಿಗೆ ಅಷ್ಟೂ ಗೊತ್ತಾಗಲ್ವಾ’ ಅಂದ್ಕೋತಾರೇನೋ ಅನ್ನೋ ಭಯ. ಮೊದಲ ಶುಕ್ರವಾರ ಮ್ಯಾನೇಜರ್ ಲ್ಯಾಪ್‌ಟಾಪ್ ನೋಡ್ತಾನೇ “ಎಲ್ಲಾ ಸರಿ ನಡೀತಿದೆಯಾ?” ಅಂದ್ರು. “ಸರಿ ಇದೆ ಸರ್” ಅಂದೆ. ಏಳು ನಿಮಿಷಕ್ಕೆ ಮೀಟಿಂಗ್ ಮುಗೀತು. ಎರಡನೇ ವಾರ ಅವರಿಗೆ ಬೇರೆ ಕಾಲ್ ಬಂತು, ಮೀಟಿಂಗ್ ಕ್ಯಾನ್ಸಲ್. ನನಗೋ ಪರೀಕ್ಷೆ ಮುಂದಕ್ಕೆ ಹೋದಷ್ಟು ಖುಷಿ! ಅಷ್ಟರಲ್ಲಿ ಸುಳ್ಳು ಡೇಟಾ ಮಾಡ್ಕೊಂಡು ಏನೋ ಬರೀತಾ ದಿನ ತಳ್ಳುತ್ತಿದ್ದೆ.

ಮೂರನೇ ಶುಕ್ರವಾರ ಅವರು ಲ್ಯಾಪ್‌ಟಾಪ್ ಟೇಬಲ್ ಮೇಲೇ ಬಿಟ್ಟು, “ಬನ್ನಿ, ಕೆಳಗೆ ಟೀ ಕುಡಿಯೋಣ” ಅಂದ್ರು. ಊರು, ಹಾಸ್ಟೆಲ್, ಪಿಜಿ ಊಟ ಎಲ್ಲಾ ಮಾತಾಡಿದ್ವಿ. ಆಮೇಲೆ ಕೇಳಿದ್ರು, “ಕೆಲಸ ಎಷ್ಟಾಯ್ತು ಅಂತ ನಾನು ಬೋರ್ಡ್‌ನಲ್ಲೇ ನೋಡ್ಕೋತೀನಿ, ಅದು ಬಿಡಿ. ಈ ವಾರ ನಿಮ್ಮ ಟೈಮ್ ಜಾಸ್ತಿ ಎಲ್ಲಿ ಹಾಳಾಯ್ತು?”

ಈ ಪ್ರಶ್ನೆಗೆ ‘ಸರಿ ಇದೆ ಸರ್’ ಅನ್ನೋಕೆ ಬರಲ್ಲ. ಸುಮ್ಮನೆ ನಿಂತೆ. ಅವರೂ ಸುಮ್ಮನಿದ್ರು, ನಡುವೆ ಬಾಯಿ ಹಾಕಲಿಲ್ಲ. ವಾಪಸ್ ಲಿಫ್ಟ್ ಹತ್ರ ಬಂದಾಗ ಹೇಳಿಬಿಟ್ಟೆ: “ಎರಡೂವರೆ ವಾರದಿಂದ ಆಕ್ಸೆಸ್ಸೇ ಇಲ್ಲ.”

ಬೈತಾರೆ ಅಂದ್ಕೊಂಡಿದ್ದೆ. ಅವರು ಟಿಕೆಟ್ ತೆಗೆದು ನೋಡಿದ್ರು. ನಾನು ಅದನ್ನ ಬೇರೆ ಯಾವುದೋ ಟೀಮಿಗೆ ಹಾಕಿದ್ದೆ! ಸಂಜೆಯೊಳಗೆ ಆಕ್ಸೆಸ್ ಬಂತು. “ಮೊದಲ ವಾರ ನಾನು ಕೇಳಿದ ರೀತಿನೇ ಸರಿಯಿರಲಿಲ್ಲ. ಕಳೆದ ವಾರ ಕ್ಯಾನ್ಸಲ್ ಬೇರೆ ಮಾಡಿದೆ. ಇನ್ಮೇಲೆ ಏನ್ ಮಾತಾಡ್ಬೇಕು ಅಂತ ನೀವೇ ಬರ್ಕೊಂಡು ಬನ್ನಿ” ಅಂದ್ರು. ಮುಂದಿನ ಶುಕ್ರವಾರ ಅವರ ಮೊದಲ ಮಾತು, “ಆಕ್ಸೆಸ್ ಕೆಲಸ ಮಾಡ್ತಿದೆಯಾ?” ನೆನಪಿಟ್ಟುಕೊಂಡು ಕೇಳಿದ್ರಲ್ಲ, ಅವತ್ತಿಂದ ಭಯ ಹೋಯ್ತು.

ಇದೆಲ್ಲ ಅವರೊಬ್ಬರ ಒಳ್ಳೆತನ ಅಂದ್ಕೊಂಡಿದ್ದೆ. ಆಮೇಲೆ ಇಂಟೆಲ್‌ನ ಆಂಡಿ ಗ್ರೋವ್ 1983ರಲ್ಲಿ ಬರೆದ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ ಓದಿದೆ. ಗ್ರೋವ್ ಕೂಡ ನಮ್ಮ ಹಾಗೆ ಇಂಜಿನಿಯರ್, ಓದಿದ್ದು ಕೆಮಿಕಲ್. ಅವರ ಪ್ರಕಾರ ಈ ಮೀಟಿಂಗ್ ಕೆಳಗಿನವನಿಗೆ ಸೇರಿದ್ದು. ಏನು ಮಾತಾಡಬೇಕು ಅಂತ ಅವನೇ ಬರೆದು ತರಬೇಕು. ಕಡಿಮೆ ಅಂದ್ರೂ ಒಂದು ಗಂಟೆ ಇರಬೇಕು, ಟೈಮ್ ಕಮ್ಮಿ ಇದ್ರೆ ಜನ ಬೇಗ ಮುಗಿಯೋ ಸಣ್ಣ ವಿಷಯ ಮಾತ್ರ ಎತ್ತುತ್ತಾರೆ. ಕೆಲಸಕ್ಕೆ ಹೊಸಬರಾದ್ರೆ ಪದೇ ಪದೇ ಕೂರಬೇಕು, ಪಳಗಿದ ಮೇಲೆ ಅಷ್ಟು ಬೇಕಿಲ್ಲ. ಇನ್ನೊಂದು ಮಾತು ಓದಿ ನಗು ಬಂತು: ಮನಸ್ಸಿನಲ್ಲಿರೋ ದೊಡ್ಡ ವಿಷಯ ಹೊರಬರೋದು ಸಾಮಾನ್ಯವಾಗಿ ಮೀಟಿಂಗ್ ಮುಗಿಯೋ ಹೊತ್ತಿಗೆ, ಹುಷಾರಾಗಿರಿ ಅಂತಾರೆ. ನನ್ನದು ಬಂದಿದ್ದೂ ಲಿಫ್ಟ್ ಹತ್ರವೇ!

ಇಷ್ಟೆಲ್ಲ ಕಲಿತು ಕಾಲೇಜಿಗೆ ವಾಪಸ್ ಬಂದವನು ನಾನು ಮಾಡಿದ್ದೇನು? ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ನಾಲ್ಕು ಜನರ ಟೀಮಿಗೆ ಲೀಡರ್ ಆದೆ. ಒಬ್ಬ ಗೆಳೆಯ ಎರಡು ವಾರದಿಂದ ಲ್ಯಾಬ್ ಕಡೆ ತಲೆ ಹಾಕಿರಲಿಲ್ಲ. ವಾಟ್ಸಾಪ್ ಗ್ರೂಪಲ್ಲಿ “ಕೆಲವರಿಗೆ ಪ್ರಾಜೆಕ್ಟ್ ಬೇಕಿಲ್ಲ ಅನ್ಸುತ್ತೆ” ಅಂತ ಎಲ್ಲರ ಮುಂದೆ ಚುಚ್ಚಿದೆ. ಅವನು ಗ್ರೂಪೇ ಬಿಟ್ಟು ಹೋದ.

ಎರಡು ದಿನ ಬಿಟ್ಟು ಬುದ್ಧಿ ಬಂತು. ಕ್ಯಾಂಟೀನಿಗೆ ಕರ್ಕೊಂಡು ಹೋಗಿ, ಮೊದಲು ಆ ಮೆಸೇಜಿಗೆ ಸಾರಿ ಕೇಳಿ, “ಎಲ್ಲಿ ಸಿಕ್ಕಾಕೊಂಡಿದೀಯ ಮಗಾ?” ಅಂದೆ. ಬಹಳ ಹೊತ್ತು ಬೇರೆ ಏನೇನೋ ಮಾತಾಡಿದ. ಟೀ ಖಾಲಿ ಆದಮೇಲೆ ಹೇಳಿದ, ವೈರ್ ತಪ್ಪಾಗಿ ಕೊಟ್ಟು ನಮ್ಮ ಇಎಸ್‌ಪಿ32 ಬೋರ್ಡ್ ಸುಟ್ಟುಬಿಟ್ಟಿದ್ದ. ಹೇಳೋಕೆ ನಾಚಿಕೆ. ಮನೆಯಿಂದ ದುಡ್ಡು ಬಂದಮೇಲೆ ಹೊಸದು ತಂದು ಇಟ್ಟುಬಿಡೋಣ ಅಂತ ಕಾಯ್ತಾ ಇದ್ದನಂತೆ. ಕೆಲವೇ ನೂರು ರೂಪಾಯಿಯ ಬೋರ್ಡಿಗೆ ಒಬ್ಬ ಗೆಳೆಯನನ್ನ ಕಳ್ಕೊಳ್ತಿದ್ದೆ. ಡೇಟಾಬೇಸ್ ಆಕ್ಸೆಸ್ ಇಲ್ಲ ಅಂತ ಹೇಳೋಕಾಗದೆ ಕೂತಿದ್ದ ನಾನೇ ಅವನ ರೂಪದಲ್ಲಿ ಎದುರು ಕೂತ ಹಾಗಾಯ್ತು.

ಈಗ ಟೀಮಿನ ಉಳಿದವರ ಜೊತೆ ವಾರಕ್ಕೊಮ್ಮೆ ಒಬ್ಬೊಬ್ಬರಾಗಿ ಕೂತ್ಕೋತೀವಿ. ನನ್ನನ್ನೂ ಅವರು ಕೇಳ್ತಾರೆ. ಅಲ್ಲಿ ಹೇಳಿದ್ದು ಗ್ರೂಪಿಗೆ ಹೋಗಲ್ಲ.

ಜೂನಿಯರ್ಸ್, ನಿಮಗೆ ಒಂದೇ ಮಾತು. ಮುಂದಿನ ಸಲ ಡೈರಿಗೆ ಸೈನ್ ಹಾಕಿಸ್ಕೊಳ್ಳೋಕೆ ಗೈಡ್ ಹತ್ರ ಹೋದಾಗ ‘ಆಗ್ತಿದೆ ಸರ್’ ಅಂತ ಓಡಿ ಬರಬೇಡಿ. ಎಲ್ಲಿ ನಿಂತಿದೆ ಅಂತ ಒಂದು ಸಾಲು ಬರ್ಕೊಂಡು ಹೋಗಿ, ಅದನ್ನೇ ಮೊದಲು ಹೇಳಿ. ಲಿಫ್ಟ್ ಬರೋವರೆಗೂ ಕಾಯೋದು ಬೇಡ.