ಮೂರನೆಯ ಪ್ಲಗ್ಗು

ನನ್ನ ಬಳಿ ಒಂದು ಮೋಟಾರು ಇದೆ. ಹೀಗೆಂದೊಡನೆ ವಾಚಕರು ನನ್ನನ್ನು ಶ್ರೀಮಂತನೆಂದು ತಿಳಿಯಬಾರದು. 1988ರಲ್ಲಿ ಸಾಲ ಮಾಡಿ ಕೊಂಡ ಪ್ರೀಮಿಯರ್ ಪದ್ಮಿನಿ ಅದು. ಅದರ ಓರಗೆಯ ಟ್ಯಾಕ್ಸಿಗಳು 2023ರ ಅಕ್ಟೋಬರಿನ ಕೊನೆಗೆ ಮುಂಬಯಿಯ ಬೀದಿಗಳಿಂದ ಪೂರ್ತಿ ನಿವೃತ್ತವಾದವು. ನನ್ನದು ಮಾತ್ರ, ನನ್ನಂತೆಯೇ, ಮನೆಯವರ ಮಾತು ಕೇಳುತ್ತ ಡೊಂಬಿವಲಿಯ ನಮ್ಮ ಕಟ್ಟಡದ ಅಂಗಳದಲ್ಲಿ ಕುಳಿತಿದೆ. ಇದೇ ಗಾಡಿಯಲ್ಲಿ ಅವ್ವನನ್ನು ಕೂರಿಸಿಕೊಂಡು ಖಂಬಾಟಕಿ ಘಾಟು ಹತ್ತಿಳಿದು, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳನ್ನು ದಾಟಿ ಹುಬ್ಬಳ್ಳಿಗೆ ಎಷ್ಟು ಸಲ ಹೋಗಿದ್ದೆವೋ! ಅವ್ವ 2019ರಲ್ಲಿ ತೀರಿಕೊಂಡಳು. ಆಮೇಲೆ ಗಾಡಿ ಘಾಟು ಕಂಡಿರಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಅದು ಮೂರು ಕಾಲಿನ ಕುದುರೆಯಂತೆ ಕುಂಟತೊಡಗಿತು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಕೆಲಸ ಬಿಟ್ಟಿತ್ತು. ಪ್ಲಗ್ಗು ಬದಲಿಸಿದರಾಯಿತು, ಇದಕ್ಕೇನು ಮೆಕ್ಯಾನಿಕ್ಕು ಎಂದು ಭಾನುವಾರ ಬೆಳಿಗ್ಗೆ ಪಾನಾ ಹಿಡಿದು ನಿಂತೆ. ಮೂರು ಪ್ಲಗ್ಗುಗಳು ಮರ್ಯಾದೆಯಿಂದ ಬಂದವು. ಸಾಲಿನಲ್ಲಿ ಮೂರನೆಯದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಪಾನಾದ ಹಿಡಿಗೆ ಕೊಳವೆಯ ತುಂಡೊಂದನ್ನು ಸಿಕ್ಕಿಸಿ ಎಳೆದೆ. 'ಕಿರ್' ಎಂದಿತು. ಬಿಚ್ಚಿದ ಸದ್ದೋ ಮುರಿದ ಸದ್ದೋ ತಿಳಿಯದೆ ಕೈ ತೆಗೆದೆ.

"ಭಾವನವರಿಗೆ ಒಂದು ಫೋನು ಮಾಡಬಾರದೇ?" ಎಂದಳು ನನ್ನಾಕೆ, ಚಹಾ ಕೊಡುತ್ತ.

ಅಣ್ಣ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವನು. ಕಬ್ಬಿಣದ ಸ್ವಭಾವ ಬಲ್ಲವನು. ಆದರೆ ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ತಪ್ಪು ನನ್ನದು. ಅವ್ವನ ವರ್ಷಾಂತಿಕ ಮುಗಿದ ದಿನ, ಮನೆತುಂಬ ನೆಂಟರ ಎದುರಿಗೆ, ಅವಳ ಔಷಧದ ಖರ್ಚಿನ ಲೆಕ್ಕ ಕೇಳಿದ್ದೆ. ಮೂರು ವರ್ಷ ಹಗಲು ರಾತ್ರಿ ಅವಳನ್ನು ನೋಡಿಕೊಂಡವನು ಅವನು. ತಿಂಗಳಿಗೊಮ್ಮೆ ಹಣ ಕಳಿಸಿ ಕೈತೊಳೆದುಕೊಂಡವನು ನಾನು. ಅಣ್ಣ ಮರುಮಾತಾಡದೆ ರಸೀತಿಗಳ ಡಬ್ಬಿಯನ್ನೇ ತಂದು ನನ್ನ ಮುಂದಿಟ್ಟು ಒಳಗೆ ಹೋದ. ಅಲ್ಲಿಗೆ ಮುಗಿಯಿತು.

ಚಹಾ ಆರಿತು. ಕೊನೆಗೆ ಫೋನು ಮಾಡಿದೆ.

"ನಾನು, ಅಣ್ಣಾ."

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. "ಏನಾತು? ಎಲ್ಲಾರೂ ಅರಾಮ ಅದೀರಿಲ್ಲೋ?"

ಅರಾಮ ಎಂದೆ. ಬೇರೆ ಮಾತು ತೋಚದೆ ಪ್ಲಗ್ಗಿನ ಕಥೆ ಹೇಳಿದೆ. ಅವನ ದನಿ ಒಮ್ಮೆಲೇ ಕೆಲಸದ ದನಿಯಾಯಿತು.

"ಜೋರು ಮಾಡಬ್ಯಾಡ. ಪ್ಲಗ್ಗು ಉಕ್ಕು, ಹೆಡ್ಡು ಅಲ್ಯುಮಿನಿಯಂ. ಮೆತ್ತನ್ನ ಲೋಹ. ನಿನ್ನ ಜೋರಿಗೆ ಥ್ರೆಡ್ಡೆಲ್ಲಾ ಕಿತ್ತು ಬರತಾವ. ಮೊದಲ ಪ್ಲಗ್ಗಿನ ಸುತ್ತಲ ಧೂಳು ಊದಿ ತಗಿ, ಇಲ್ಲಂದ್ರ ಸಿಲಿಂಡರಿನಾಗ ಬೀಳತೈತಿ. ಆಮ್ಯಾಲ ಬುಡಕ್ಕ ಚಿಮಣಿ ಎಣ್ಣಿ ಬಿಡು."

"ಮುಂಬಯಿಯಲ್ಲಿ ಈಗ ಚಿಮಣಿ ಎಣ್ಣೆ ಎಲ್ಲಿ ಸಿಗಬೇಕು?"

"ತುಕ್ಕು ಬಿಡಿಸೋ ಎಣ್ಣಿ ಸಿಗತೈತಿ, ಅದನ್ನ ಬಿಡು. ರಾತ್ರಿ ಇಡೀ ಬಿಡು. ಮುಂಜಾನೆ ಇಂಜಿನ್ನು ತಣ್ಣಗಿರುವಾಗ ಕೂದಲೆಳಿಯಷ್ಟು ಬಿಗಿ ಮಾಡು, ಆಮ್ಯಾಲ ಸಡ್ಲ ಮಾಡು. ಹಿಡೀತಂದ್ರ ಮತ್ತ ಹಿಂದಕ್ಕ ತಿರುವು, ಮತ್ತ ಎಣ್ಣಿ. ಅವಸರಿಲ್ಲ."

ಸೈಕಲ್ ಪಂಪಿನಿಂದ ಧೂಳು ಊದಿದೆ. ಎಣ್ಣೆ ಬಿಟ್ಟೆ. ರಾತ್ರಿ ಎರಡು ಸಲ ಎದ್ದು ಟಾರ್ಚು ಹಿಡಿದು ಕೆಳಗಿಳಿದು ಹೋಗಿ ಮತ್ತಷ್ಟು ಬಿಟ್ಟೆ. ವಾಚ್‌ಮನ್ನನು ನನ್ನನ್ನು ಕಳ್ಳನೆಂದು ತಿಳಿಯಲಿಲ್ಲ, ಹುಚ್ಚನೆಂದು ತಿಳಿದಿರಬಹುದು.

ಬೆಳಿಗ್ಗೆ ಆರಕ್ಕೆ ಫೋನು ಬಂದಿತು. ಅಣ್ಣನೇ ಮಾಡಿದ್ದ. ಫೋನನ್ನು ಬಾನೆಟ್ಟಿನ ಅಂಚಿನಲ್ಲಿಟ್ಟು ಪಾನಾ ಹಿಡಿದೆ. ತುಸು ಬಿಗಿ, ತುಸು ಸಡಿಲ. ಕಾಲು ಸುತ್ತು ಮುಂದೆ, ಅರೆಕಾಲು ಸುತ್ತು ಹಿಂದೆ. ಹೀಗೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಆ ಕಡೆಯಿಂದ ಅಣ್ಣನ ಉಸಿರು ಕೇಳಿಸುತ್ತಿತ್ತು. ಕಡೆಗೆ ಪ್ಲಗ್ಗು ಕೀಚಲು ದನಿ ತೆಗೆದು ಕೈಗೆ ಬಂದಿತು.

"ಬಂತೇನು?"

"ಬಂತು."

"ಹೊಸಾದನ್ನ ಮೊದಲ ಬರೇ ಕೈಲೆ ತಿರುವು. ಸಲೀಸು ಹೋದ್ರ ಥ್ರೆಡ್ಡು ಉಳದೈತಿ. ಪಾನಾ ಆಮ್ಯಾಲ."

ಸಲೀಸಾಗಿ ಹೋಯಿತು. ನನಗೆ ಗಂಟಲು ಕಟ್ಟಿತು. "ಅಣ್ಣಾ, ಅವತ್ತು ನಾನು ಆ ಲೆಕ್ಕ ಕೇಳಬಾರದಿತ್ತು."

"ಕೇಳಬಾರದಿತ್ತು," ಎಂದ ಅಣ್ಣ. ಬಳಿಕ, "ದಸರಾಕ್ಕ ಬರ್ರಿ. ಗಾಡೀನೂ ತಗೊಂಡು ಬಾ, ಟ್ಯಾಪೆಟ್ಟು ನಾ ನೋಡತೀನಿ," ಎಂದ.

ಆ ದಸರೆಗೆ ಹೋಗಿ ಬಂದೆವು. ಟ್ಯಾಪೆಟ್ಟಿನ ಸದ್ದು ಈಗ ಕಡಿಮೆಯಾಗಿದೆ. ರಸೀತಿಗಳ ಡಬ್ಬಿ ಅಣ್ಣನ ಕಪಾಟಿನಲ್ಲಿ ಇನ್ನೂ ಇತ್ತು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಅತ್ತಿಗೆ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಪುಣೆ ದಾಟುವುದರೊಳಗೆ ಮುಗಿಯಿತು.