ಎರಿ ಹೊಲಕ್ಕೊಂದು ಹಳೇ ಜಿಪ್ಸಿ

ಹೋದ ವರ್ಷ ಮಳೆಗಾಲದಾಗ ಜೇವರ್ಗಿ ಹತ್ತಿರದ ನಮ್ಮ ತೊಗರಿ ಹೊಲದ ದಾರ್‍ಯಾಗ ನನ್ನ ಕಾರು ಎರಿಮಣ್ಣಲ್ಲಿ ಹೂತಿತು. ಎತ್ತು ಕಟ್ಟಿ ಎಳೆಸಿದ ಅಪ್ಪ, "ಇಂಜಿನಿಯರ್ ಆಗಿ ಇಷ್ಟೇ ಏನೋ?" ಅಂದರು.

ಅವತ್ತೇ ಫೋರ್ ವೀಲ್ ಡ್ರೈವ್ ಹುಡುಕಾಟ ಶುರು. 2023ರಲ್ಲಿ ಬಂದ ಜಿಮ್ನಿ ಮನಸ್ಸಿಗೆ ಹಿಡಿಸಿತು. ಬೆಲೆ ಹತ್ತು ಲಕ್ಷದ ಮೇಲೆ. ಹಳೇ ಜಿಪ್ಸಿ ತಗೊಂಡೆ. ತೂಕ ಸುಮಾರು ಒಂದು ಟನ್, ಲೋ ರೇಂಜ್ ಗೇರ್ ಇದೆ. ತುಕ್ಕು ಹಿಡಿದಿದೆಯಾ ಅಂತ ಕೆಳಗೆ ಮಲಗಿ ಚಾಸಿ ನೋಡಿದೆ. ಉಳಿದ ರೊಕ್ಕದಲ್ಲಿ ಮಡ್ ಟೈರ್, ಎಳೆಯೋ ಹಗ್ಗ ಬಂತು.

ಆದರೂ ಈ ಸಲ ಮೊದಲ ಮಳೆಗೇ ಟೈರಿನ ಸಂದಿಗೆಲ್ಲ ಎರಿ ತುಂಬಿ ನಾಲ್ಕೂ ಗಾಲಿ ಜಾರಿದವು. ಅಪ್ಪ ನಕ್ಕರು: "ಎರಡು ದಿನ ಬಿಸಿಲು ಬೀಳ್ಲಿ, ತಡಿ."

ಹೊಸದಾಗಿ ಆಫ್‌ರೋಡ್ ಕಲಿಯೋರಿಗೆ ನಾನೂ ಅದನ್ನೇ ಹೇಳ್ತೀನಿ. ಗಾಡಿ ಆಮೇಲೆ, ಮೊದಲು ಮಣ್ಣು ತಿಳ್ಕೊಳ್ರಿ.