ಗೇಣುದ್ದದ ಮನೆಗಳ ಊರು

ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ ಡಿಡ್‌ಕಾಟ್‌ನಲ್ಲಿ ಇಳಿದರೆ, ಕೆಲವೇ ಮೈಲಿಯಾಚೆ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿ. ಅಲ್ಲಿನ ಪೆಂಡನ್ ಮ್ಯೂಸಿಯಮ್ಮಿಗೆ ಕಾಲಿಟ್ಟಿರೋ, 1930ರ ಸುಮಾರಿನ ಹಳ್ಳಿಗಾಡು ನಿಮ್ಮ ಕಣ್ಣೆದುರು! ಒಂದಡಿಗೆ 4 ಮಿಲಿಮೀಟರ್ ಲೆಕ್ಕ; ಆರಡಿ ಆಳು ಇಲ್ಲಿ ಒಂದಂಗುಲವೂ ಇಲ್ಲ. ಹೊಲಗಳ ನಡುವೆ ಉಗಿಬಂಡಿ ಸಾಗುತ್ತದೆ. ಓಡಿಸುವುದು ಮಾತ್ರ ಕರೆಂಟು.

ಇದೇನು ಮಕ್ಕಳಾಟ ಅಂತೀರಾ? ಸ್ವಲ್ಪ ತಾಳಿ. 1925ರಲ್ಲಿ ಆಸ್ಟ್ರೇಲಿಯಾದಿಂದ ಒಬ್ಬರು ಈ ಸೀಮೆಗೆ ಬಂದರು. ಹೆಸರೇ ರಾಯ್ ಇಂಗ್ಲೆಂಡ್! ರೈಲೆಂದರೆ ಅವರಿಗೆ ಪ್ರಾಣ. ಆದರೆ ನೋಡನೋಡುತ್ತಲೇ ಹುಲ್ಲುಸೂರಿನ ಹಳೇ ಮನೆಗಳು ಮಾಯವಾಗತೊಡಗಿದವು. ಮನೆಗಳನ್ನು ಉಳಿಸುವುದು ಅವರ ಕೈಲಿರಲಿಲ್ಲ; ಪುಟ್ಟದಾಗಿ ಕಟ್ಟಿಡುವುದು ಕೈಲಿತ್ತು. ಅಳತೆ ತೆಗೆದು, ರಟ್ಟು ಕತ್ತರಿಸಿ ಕಟ್ಟತೊಡಗಿದರು. 1954ರಲ್ಲಿ ಮ್ಯೂಸಿಯಂ ಶುರುವಾಯಿತು. ಎಷ್ಟೋ ಜನ ಸಂಬಳವಿಲ್ಲದೆ ಕೈಗೂಡಿಸಿದರು. 1968ಕ್ಕೆ ಬ್ರಿಟಿಷ್ ರೈಲ್ವೆಯಲ್ಲಿ ಉಗಿಬಂಡಿಯ ಕಾಲವೂ ಮುಗಿಯಿತು. ರಾಯ್ 1995ರಲ್ಲಿ ತೀರಿಕೊಂಡರು. ಕೆಲಸ ನಿಂತಿಲ್ಲ.

ರೈಲು ನೋಡಲು ಹೋದ ನೀವು ನಿಲ್ಲುವುದು ಹಿತ್ತಿಲುಗಳ ಮುಂದೆ: ತರಕಾರಿ ಮಡಿ, ಗೋಡೆಗೊರಗಿದ ಹೂಗಿಡ. ಒಂದೊಂದೂ ಯಾರದೋ ಮನೆಯೇ ತಾನೆ?

ನಿಮ್ಮ ತವರಿನ ಹಳೇ ಮನೆ ಕೆಡವುವ ಮಾತು ಬಂದಿದೆಯೇ? ಅಡುಗೆಮನೆ, ಜಗಲಿ, ಹಿತ್ತಿಲುಗಳ ಅಳತೆ ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಬೇಕೆಂದರೂ ಸಿಗೋಲ್ಲ.